ಒಂದು ಗ್ರಾಮಿನ ಲೆಕ್ಕ

ವಾಣಿಜ್ಯ ವಿಭಾಗದ ಹುಡುಗಿಗೆ ರಸಾಯನಶಾಸ್ತ್ರದ ಉಸಾಬರಿ ಏಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಕ್ರೊಮಟೋಗ್ರಫಿ ಎಂಬ ಪದ ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಇಲ್ಲ, ವ್ಯವಹಾರ ಅಧ್ಯಯನದಲ್ಲಂತೂ ಇಲ್ಲವೇ ಇಲ್ಲ. ಆದರೆ ಔಷಧಿ ಕಾರ್ಖಾನೆಯಲ್ಲಿ ಈ ವಿಧಾನದಿಂದ ಬೇಕಾದ್ದನ್ನು ಬೇಡದ್ದರಿಂದ ಬೇರೆ ಮಾಡಿದ ಮೇಲೆ ಅಲ್ಲಿಯವರು ಕೇಳಿಕೊಳ್ಳುವ ಪ್ರಶ್ನೆಗಳನ್ನು ನೋಡಿ. ಕೈಗೆ ಬಂದ ಮಾಲು ಎಷ್ಟು ಶುದ್ಧ? ಹಾಕಿದ್ದರಲ್ಲಿ ಎಷ್ಟು ವಸೂಲಾಯಿತು? ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಷ್ಟು ಖರ್ಚಾಯಿತು? ಇವು ನಮ್ಮ ವಿಭಾಗದ ಪ್ರಶ್ನೆಗಳೇ ಅಲ್ಲವೇ?

ಇನ್ನೂ ಒಂದು ಮಾತು. ನಮ್ಮ ಮನೆಯ ಭಾಷೆ ಉರ್ದು. ಕನ್ನಡ ಕಲಿತದ್ದು ಶಾಲೆಯಲ್ಲಿ ಮತ್ತು ಬೀದಿಯಲ್ಲಿ. ಆದರೆ ಲೆಕ್ಕದ ವಿಷಯಕ್ಕೆ ಬಂದರೆ ಎರಡು ಭಾಷೆಗಳಿಗೂ ಜಗಳವೇ ಇಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ಇವು ಮನೆಯಲ್ಲೂ ಅವೇ, ಅಂಗಡಿಯ ಕನ್ನಡದಲ್ಲೂ ಅವೇ. ಆದ್ದರಿಂದ ಇಂಗ್ಲಿಷಿನ ದೊಡ್ಡ ಪದಗಳ ಬದಲು ಸಾಧ್ಯವಾದಲ್ಲೆಲ್ಲ ಇವನ್ನೇ ಬಳಸುತ್ತೇನೆ.

ನಮ್ಮೂರು ಶಿಡ್ಲಘಟ್ಟ. ಅಬ್ಬಾ ರೇಷ್ಮೆ ನೂಲು ಬಿಚ್ಚುವ ಕೆಲಸದವರು, ಊರಿನ ಮಾತಿನಲ್ಲಿ ರೀಲರ್. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕಕ್ಕೆ ನಮ್ಮಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ಏಳು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದರೆ ರೆಂಡಿಟ್ಟಾ 7. ಎಂಟು ಕಿಲೋ ಬೇಕಾದರೆ 8. ಈ ಸಂಖ್ಯೆ ಏರಿದಷ್ಟೂ ಅಬ್ಬಾರ ಮುಖ ಇಳಿಯುತ್ತದೆ. ಎಳೆ ಒಂದೇ ಸಮನಾಗಿ ಬರಲಿ ಎಂದು ಒರಟು ಭಾಗವನ್ನೆಲ್ಲ ಕಿತ್ತು ಹಾಕಿದರೆ ನೂಲಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಆದರೆ ತ್ಯಾಜ್ಯ ಹೆಚ್ಚಿ ರೆಂಡಿಟ್ಟಾ ಏರುತ್ತದೆ. ಏನನ್ನೂ ಬಿಡದೆ ಸುತ್ತಿದರೆ ರೆಂಡಿಟ್ಟಾ ಇಳಿಯುತ್ತದೆ, ನೂಲಿನ ದರ್ಜೆಯೂ ಇಳಿಯುತ್ತದೆ. ಈ ಎಳೆದಾಟವನ್ನು ನಾನು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದಿದ್ದೇನೆ. ಕ್ರೊಮಟೋಗ್ರಫಿಯ ಲೆಕ್ಕ ನನಗೆ ಅಪರಿಚಿತ ಅನ್ನಿಸದೆ ಇದ್ದದ್ದು ಇದರಿಂದಲೇ.

ಆ ಹೆಸರು ನಮ್ಮ ಮನೆಗೆ ಬಂದದ್ದು ಮಾತ್ರ ದಾದಿಮಾರ ಇನ್ಸುಲಿನ್ ಮೂಲಕ. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆ 20 ಯೂನಿಟ್ ಇನ್ಸುಲಿನ್, ಬೆಳಿಗ್ಗೆ 12, ಸಂಜೆ 8. ಕಳೆದ ವರ್ಷ ಮನೆಗೆ ಬಂದಿದ್ದ ನೆಂಟರೊಬ್ಬರು ಇನ್ಸುಲಿನ್ನನ್ನು ಹಂದಿಯಿಂದ ತೆಗೆಯುತ್ತಾರಂತೆ ಎಂದು ಹೇಳಿ ಹೋದರು. ಅಂದಿನಿಂದ ದಾದಿಮಾ ಏನಾದರೂ ನೆಪ ಹೇಳಿ ಸಂಜೆಯ ಸೂಜಿಯನ್ನು ತಪ್ಪಿಸತೊಡಗಿದರು. ಜೋರು ಮಾಡಿದರೆ ಕೇಳುವವರಲ್ಲ. ಕೊನೆಗೆ ಒಂದು ದಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ಇಸ್ಮೇ ಕ್ಯಾ ಹೈ ಕೀ, ಜರಾ ಪಡ್ಕೆ ಬೋಲ್ ಬೇಟಿ” ಎಂದರು. ಇದರಲ್ಲಿ ಏನಿದೆಯೋ ಸ್ವಲ್ಪ ಓದಿ ಹೇಳಮ್ಮ ಎಂದು.

ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಹಳೆಯದು ಅಷ್ಟೆ. ಇನ್ಸುಲಿನ್ನನ್ನು 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಕಂಡುಹಿಡಿದರು. ಆಮೇಲೆ ಹಲವು ದಶಕಗಳ ಕಾಲ ಅದು ಬಂದದ್ದು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದಲೇ. ಮನುಷ್ಯನ ಇನ್ಸುಲಿನ್ನಿನಲ್ಲಿ 51 ಅಮೈನೋ ಆಮ್ಲಗಳಿವೆ. ಹಂದಿಯದು ಒಂದು ಕಡೆ ಮಾತ್ರ ಬೇರೆ, ದನದ್ದು ಮೂರು ಕಡೆ ಬೇರೆ. ಆದರೆ 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ದಾದಿಮಾರ ಬಾಟಲಿಯ ಮೇಲೂ ಮಾನವ ಇನ್ಸುಲಿನ್, ಆರ್‌ಡಿಎನ್‌ಎ ಮೂಲದ್ದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಡಾಕ್ಟರರನ್ನೂ ಕೇಳಿದೆವು. ಹಂದಿಯದಲ್ಲ ಎಂದು ಅವರೂ ಹೇಳಿದರು. ಸಂಜೆಯ ಸೂಜಿ ಮತ್ತೆ ಶುರುವಾಯಿತು.

ಆದರೆ ದಾದಿಮಾರ ಎರಡನೆಯ ಪ್ರಶ್ನೆ ಇನ್ನೂ ಗಟ್ಟಿಯಾಗಿತ್ತು. ಕ್ರಿಮಿಯ ಹೊಟ್ಟೆಯಿಂದ ತೆಗೆದದ್ದಾದರೆ ಅದರ ಕೊಳೆ ಇದರಲ್ಲಿ ಸೇರಿರುವುದಿಲ್ಲವೇ? ಅದನ್ನು ಯಾರು ಆರಿಸಿ ತೆಗೆದರು? ಮೊರದಲ್ಲಿ ಅಕ್ಕಿ ಹಾಕಿಕೊಂಡು ಐವತ್ತು ವರ್ಷ ಕಲ್ಲು ಆರಿಸಿದವರು ಕೇಳುವ ಪ್ರಶ್ನೆ ಅದು.

ಉತ್ತರ ಸಿಕ್ಕಿದ್ದು ನಮ್ಮ ಖಾಲಾರ ಮಗಳಿಂದ. ಅವರು ಬೆಂಗಳೂರಿನ ಔಷಧಿ ಕಾರ್ಖಾನೆಯೊಂದರ ಶುದ್ಧೀಕರಣ ವಿಭಾಗದಲ್ಲಿದ್ದಾರೆ. ನಾವೆಲ್ಲ ಅವರನ್ನು ಆಪಾ ಎನ್ನುತ್ತೇವೆ. ಆಪಾ ದಾದಿಮಾರಿಗೆ ಹೇಳಿದ್ದು ಹೀಗೆ. ಹಬ್ಬದ ಹಿಂದಿನ ದಿನ ನಮ್ಮ ಮನೆಯ ಹೆಂಗಸರೂ ಗಂಡಸರೂ ಒಟ್ಟಿಗೆ ಬಜಾರಿನ ಒಂದು ತುದಿಯಿಂದ ಹೊರಡುತ್ತೇವೆ ಎಂದುಕೊಳ್ಳಿ. ಬಳೆ ಅಂಗಡಿ ಕಂಡಲ್ಲೆಲ್ಲ ನಿಲ್ಲುವವರು ತಡವಾಗಿ ಇನ್ನೊಂದು ತುದಿ ಮುಟ್ಟುತ್ತಾರೆ. ಎಲ್ಲೂ ನಿಲ್ಲದ ಚಾಚಾ ಮೊದಲೇ ಹೋಗಿ ಚಹಾ ಕುಡಿಯುತ್ತ ಕೂತಿರುತ್ತಾರೆ. ಯಾರನ್ನೂ ಎಳೆದು ಬೇರೆ ಮಾಡಲಿಲ್ಲ, ಬೀದಿಯೇ ಬೇರೆ ಮಾಡಿತು. ಕ್ರೊಮಟೋಗ್ರಫಿಯಲ್ಲಿ ಬೀದಿ ಎಂದರೆ ಕಾಲಮ್ ಎಂಬ ಕೊಳವೆ. ಅದರೊಳಗೆ ಒತ್ತಿ ತುಂಬಿದ ಸಣ್ಣ ಸಣ್ಣ ಕಣಗಳೇ ಅಂಗಡಿಗಳು. ಮಿಶ್ರಣವನ್ನು ಮೇಲೆ ಹಾಕಿ ದ್ರವ ಹರಿಸಿದರೆ ಕಣಗಳಿಗೆ ಹೆಚ್ಚು ಅಂಟುವ ವಸ್ತು ನಿಧಾನವಾಗಿ, ಕಡಿಮೆ ಅಂಟುವುದು ಬೇಗ ಹೊರಗೆ ಬರುತ್ತದೆ.

ಇದನ್ನು ಮೊದಲು ಮಾಡಿ ತೋರಿಸಿದವರು ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್. 1903ರಲ್ಲಿ ವಾರ್ಸಾದಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟ ಅವರು, ಎಲೆಯ ರಸವನ್ನು ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿ ಹಸಿರು, ಹಳದಿ ಬಣ್ಣಗಳನ್ನು ಪಟ್ಟಿ ಪಟ್ಟಿಯಾಗಿ ಬೇರೆ ಮಾಡಿದರು. 1906ರಲ್ಲಿ ಕ್ರೊಮಟೋಗ್ರಫಿ ಎಂಬ ಹೆಸರಿಟ್ಟರು. ಇದಕ್ಕೆ ಲೆಕ್ಕದ ಬುನಾದಿ ಹಾಕಿದವರು ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್. ಅವರು ಲೀಡ್ಸ್ ಊರಿನಲ್ಲಿ ಉಣ್ಣೆಯ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಉಣ್ಣೆಯ ಪ್ರೋಟೀನಿನ ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಹೊರಟವರು. 1941ರಲ್ಲಿ ಅವರ ಪ್ರಬಂಧ ಬಂತು, 1952ರಲ್ಲಿ ನೊಬೆಲ್ ಬಂತು. ನೂಲಿನ ಕಸುಬಿನ ಮನೆಯವಳಾದ ನನಗೆ ಈ ವಿಷಯ ತಿಳಿದಾಗ ಬಹಳ ಖುಷಿಯಾಯಿತು.

ಈಗ ಲೆಕ್ಕಕ್ಕೆ ಬರೋಣ. ಕಾಲಮಿನ ತುದಿಯಲ್ಲಿ ಒಂದು ಯಂತ್ರ ಹೊರಬರುವ ದ್ರವವನ್ನು ನೋಡುತ್ತ ಗೆರೆ ಎಳೆಯುತ್ತದೆ. ವಸ್ತು ಬಂದಾಗ ಗೆರೆ ಗುಡ್ಡದಂತೆ ಏಳುತ್ತದೆ, ಮುಗಿದಾಗ ಇಳಿಯುತ್ತದೆ. ಎರಡು ವಸ್ತುಗಳಿದ್ದರೆ ಎರಡು ಗುಡ್ಡ. ಎರಡೂ ಎಷ್ಟು ಚೆನ್ನಾಗಿ ಬೇರೆಯಾಗಿವೆ ಎಂದು ತಿಳಿಯಲು ಎರಡು ತುದಿಗಳ ನಡುವಿನ ಅಂತರವನ್ನು ಎರಡರಿಂದ ಗುಣಿಸಿ, ಎರಡೂ ಗುಡ್ಡಗಳ ಬುಡದ ಅಗಲದ ಮೊತ್ತದಿಂದ ಭಾಗಿಸಬೇಕು. ಮೊದಲ ಗುಡ್ಡದ ತುದಿ 10ನೆಯ ನಿಮಿಷಕ್ಕೆ, ಎರಡನೆಯದು 11ನೆಯ ನಿಮಿಷಕ್ಕೆ, ಎರಡರ ಅಗಲವೂ ಒಂದೊಂದು ನಿಮಿಷ ಎಂದರೆ ಉತ್ತರ 1. ಗುಡ್ಡಗಳು ಸಮನಾಗಿದ್ದು ಸರಿಯಾಗಿ ನಡುವೆ ಕತ್ತರಿಸಿದರೆ, ಪ್ರತಿಯೊಂದರ ಶೇಕಡಾ 2.3ರಷ್ಟು ಪಕ್ಕದ ಪಾತ್ರೆಗೆ ಸೇರುತ್ತದೆ. ಎರಡನೆಯ ತುದಿ 11.5ನೆಯ ನಿಮಿಷಕ್ಕೆ ಬಂದರೆ ಉತ್ತರ 1.5. ಆಗ ಸೇರುವುದು ಸಾವಿರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಹಾಗಾದರೆ ಕಾಲಮನ್ನು ಉದ್ದ ಮಾಡಿಬಿಟ್ಟರೆ ಆಯಿತಲ್ಲ ಎಂದು ನಾನು ಕೇಳಿದೆ. ಆಪಾ ನಕ್ಕರು. ಕಾಲಮ್ ಉದ್ದವಾದಂತೆ ಗುಡ್ಡಗಳು ದೂರವಾಗುವುದೇನೋ ನಿಜ, ಆದರೆ ಅವುಗಳ ಅಗಲವೂ ಬೆಳೆಯುತ್ತದೆ. ಬೇರ್ಪಡಿಕೆ ಉದ್ದದ ವರ್ಗಮೂಲದಷ್ಟೇ ಹೆಚ್ಚುತ್ತದೆ. ಅಂದರೆ ಬೇರ್ಪಡಿಕೆ ಎರಡು ಪಟ್ಟಾಗಬೇಕಾದರೆ ಕಾಲಮ್ ನಾಲ್ಕು ಪಟ್ಟು ಉದ್ದವಿರಬೇಕು, ಅದೇ ವೇಗದಲ್ಲಿ ಹರಿಸಿದರೆ ಸಮಯವೂ ನಾಲ್ಕು ಪಟ್ಟು. ಫಲ ಎರಡು ಪಾಲು, ಖರ್ಚು ನಾಲ್ಕು ಪಾಲು. ಯಾವ ವ್ಯಾಪಾರಿಯೂ ಕೂತು ಯೋಚಿಸಬೇಕಾದ ಜಾಗ ಇದು.

ಪ್ರಯೋಗಾಲಯದಲ್ಲಿ ಗುಡ್ಡಗಳು ಪೂರ್ತಿ ಬೇರೆಯಾದರೆ ಸಂತೋಷ. ಏಕೆಂದರೆ ಅಲ್ಲಿ ಬೇಕಾದ್ದು ಮಾಹಿತಿ. ಕಾರ್ಖಾನೆಯಲ್ಲಿ ಬೇಕಾದ್ದು ಮಾಲು. ಎರಡು ಗುಡ್ಡಗಳ ನಡುವೆ ಖಾಲಿ ಜಾಗ ಬಿದ್ದಿದ್ದರೆ ಆ ಹೊತ್ತಿನಲ್ಲಿ ದುಬಾರಿ ಕಾಲಮ್ ಸುಮ್ಮನೆ ನೀರು ಕುಡಿಯುತ್ತಿದೆ ಎಂದರ್ಥ. ಅದಕ್ಕೆ ಅವರು ಬೇಕೆಂದೇ ಹೆಚ್ಚು ಮಾಲು ಹಾಕುತ್ತಾರೆ. ಗುಡ್ಡಗಳು ಒಂದರ ಮೇಲೊಂದು ಏರುತ್ತವೆ. ಆಗ ಎಲ್ಲಿಂದ ಎಲ್ಲಿಯವರೆಗೆ ಹಿಡಿಯಬೇಕು, ಎಲ್ಲಿ ಕತ್ತರಿಸಬೇಕು ಎಂಬುದೇ ದೊಡ್ಡ ತೀರ್ಮಾನ.

ಒಂದು ಉದಾಹರಣೆ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡವು. ಕಾಲಮಿಗೆ 100 ಗ್ರಾಂ ಮಿಶ್ರಣ ಹಾಕಿದ್ದೇವೆ. ಅದರಲ್ಲಿ ಬೇಕಾದ್ದು 80 ಗ್ರಾಂ, ಬೇಡದ್ದು 20. ಬಿಗಿಯಾಗಿ ಕತ್ತರಿಸಿದರೆ ಬೇಕಾದ್ದು 60 ಗ್ರಾಂ, ಅದರ ಜೊತೆ ಬೇಡದ್ದು 0.3 ಗ್ರಾಂ ಬಂತು. ಶುದ್ಧತೆ ಎಂದರೆ 60ನ್ನು 60.3ರಿಂದ ಭಾಗಿಸುವುದು, ಶೇಕಡಾ 99.5. ವಸೂಲಿ ಎಂದರೆ 60ನ್ನು 80ರಿಂದ ಭಾಗಿಸುವುದು, ಶೇಕಡಾ 75. ಇನ್ನು ಸಡಿಲವಾಗಿ ಕತ್ತರಿಸಿದರೆ ಬೇಕಾದ್ದು 78 ಗ್ರಾಂ, ಬೇಡದ್ದು 6 ಗ್ರಾಂ. ವಸೂಲಿ ಶೇಕಡಾ 97.5ಕ್ಕೆ ಏರಿತು, ಶುದ್ಧತೆ ಶೇಕಡಾ 92.9ಕ್ಕೆ ಇಳಿಯಿತು. ಅದೇ ಕಾಲಮ್, ಅದೇ ಮಾಲು, ಅದೇ ದಿನ. ಬದಲಾದದ್ದು ಕತ್ತರಿಸಿದ ಜಾಗ ಮಾತ್ರ. ಆದ್ದರಿಂದ ಯಾರಾದರೂ ನಮ್ಮದು ಶೇಕಡಾ 99.5 ಶುದ್ಧ ಎಂದಷ್ಟೇ ಹೇಳಿದರೆ ಅದು ಅರ್ಧ ಲೆಕ್ಕ. ಜಮಾ ತೋರಿಸಿ ಖರ್ಚು ಮುಚ್ಚಿಟ್ಟ ಹಾಗೆ.

ಮೂರನೆಯದು ಉತ್ಪಾದಕತೆ. ಕಾಲಮಿನ ಗಾತ್ರ 10 ಲೀಟರ್, ಒಂದು ಸರದಿಗೆ 2 ಗಂಟೆ ಎಂದುಕೊಳ್ಳಿ. ಬಿಗಿಯಾಗಿ ಕತ್ತರಿಸಿದಾಗ ಸಿಕ್ಕ 60 ಗ್ರಾಮನ್ನು 20ರಿಂದ ಭಾಗಿಸಿದರೆ, ಒಂದು ಲೀಟರ್ ಕಾಲಮ್ ಒಂದು ಗಂಟೆಯಲ್ಲಿ 3 ಗ್ರಾಂ ದುಡಿಯಿತು. ಉಳಿದ 20 ಗ್ರಾಂ ಬಿಡಲು ಮನಸ್ಸಿಲ್ಲ, ಮಿಶ್ರವಾದ ಭಾಗವನ್ನು ಮತ್ತೊಮ್ಮೆ ಕಾಲಮಿಗೆ ಹಾಕಿ ಇನ್ನೂ 12 ಗ್ರಾಂ ತೆಗೆದೆವು. ಈಗ ವಸೂಲಿ 72 ಗ್ರಾಂ, ಶೇಕಡಾ 90. ಆದರೆ ಹೊತ್ತು 4 ಗಂಟೆ ಹಿಡಿಯಿತು. 72ನ್ನು 40ರಿಂದ ಭಾಗಿಸಿದರೆ ದುಡಿಮೆ 1.8 ಗ್ರಾಮಿಗೆ ಇಳಿಯಿತು. ದ್ರವದ ಖರ್ಚೂ ಎರಡು ಪಟ್ಟು. ಅದಕ್ಕೇ ಹಲವು ಸರದಿಗಳ ಮಿಶ್ರಭಾಗವನ್ನು ಕೂಡಿಟ್ಟು ಒಂದೇ ಸಲ ಮರಳಿ ಹಾಕುವುದುಂಟು ಎಂದು ಆಪಾ ಹೇಳಿದರು. ಶುದ್ಧತೆ, ವಸೂಲಿ, ಉತ್ಪಾದಕತೆ, ಈ ಮೂರನ್ನೂ ಒಟ್ಟಿಗೆ ಮೇಲೇರಿಸಲು ಸುಲಭವಾಗಿ ಆಗುವುದಿಲ್ಲ. ಒಂದನ್ನು ಎತ್ತಿದರೆ ಇನ್ನೊಂದು ಜಗ್ಗುತ್ತದೆ.

ಶುದ್ಧತೆಯನ್ನು ಸ್ವಲ್ಪ ಬಿಟ್ಟುಕೊಟ್ಟರೆ ಏನಾಯಿತು ಎಂದು ಕೇಳಬಹುದು. ಅದು ಮಾಲಿನ ಮೇಲೆ ನಿಂತಿದೆ. ಅಮೆರಿಕದಲ್ಲಿ ಜೋಳದ ಪಿಷ್ಟದಿಂದ ತಂಪು ಪಾನೀಯಗಳಿಗೆ ಸಿಹಿ ಪಾಕ ಮಾಡುತ್ತಾರೆ. ಮೊದಲು ಸಿಗುವ ಪಾಕದಲ್ಲಿ ಫ್ರಕ್ಟೋಸ್ ಶೇಕಡಾ 42. ಅದರಲ್ಲಿ ಒಂದು ಪಾಲನ್ನು ದೊಡ್ಡ ದೊಡ್ಡ ಕಾಲಮುಗಳಲ್ಲಿ ಹಾಯಿಸಿ ಶೇಕಡಾ 90ಕ್ಕೆ ಏರಿಸುತ್ತಾರೆ. ಆದರೆ ಪಾನೀಯಕ್ಕೆ ಬೇಕಾದ್ದು ಶೇಕಡಾ 55. ಅದಕ್ಕೆ ಎರಡನ್ನೂ ಮತ್ತೆ ಬೆರೆಸುತ್ತಾರೆ. 42ರದು 35 ಪಾಲು, 90ರದು 13 ಪಾಲು ಬೆರೆಸಿದರೆ ಸರಿಯಾಗಿ 55 ಬರುತ್ತದೆ, ಬೇಕಾದರೆ ಕೂಡಿಸಿ ನೋಡಿ. ಅಲ್ಲಿ ಎಲ್ಲವನ್ನೂ 90ಕ್ಕೆ ಏರಿಸುವುದು ದುಂದುವೆಚ್ಚ.

ರಕ್ತಕ್ಕೆ ಸೇರುವ ಔಷಧಿಯ ಮಾತು ಬೇರೆ. 1922ರ ಜನವರಿ 11ರಂದು ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಆ ಸಾರದಲ್ಲಿ ಕಲ್ಮಶ ಹೆಚ್ಚಿತ್ತು. ಸಕ್ಕರೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಚುಚ್ಚಿದ ಜಾಗ ಊದಿಕೊಂಡಿತು, ಚಿಕಿತ್ಸೆ ನಿಲ್ಲಿಸಬೇಕಾಯಿತು. ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಆಲ್ಕೊಹಾಲ್ ಬಳಸಿ ಅದನ್ನು ಇನ್ನಷ್ಟು ಶುದ್ಧ ಮಾಡಿದರು. ಜನವರಿ 23ರಂದು ಆ ಸಾರ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಔಷಧಿ ಅದೇ, ಹುಡುಗ ಅವನೇ, ನಡುವೆ ಹನ್ನೆರಡು ದಿನ. ಬದಲಾದದ್ದು ಶುದ್ಧತೆ.

ಇಂದಿನ ಇನ್ಸುಲಿನ್ ಒಂದೇ ಕಾಲಮಿನಿಂದ ಶುದ್ಧವಾಗಿ ಬರುವುದಿಲ್ಲ. ವಿದ್ಯುದಂಶದ ಮೇಲೆ ಬೇರೆ ಮಾಡುವ ಕಾಲಮ್ ಒಂದು, ನೀರನ್ನು ದೂರವಿಡುವ ಎಣ್ಣೆಗುಣದ ಮೇಲೆ ಬೇರೆ ಮಾಡುವುದು ಇನ್ನೊಂದು, ಅಣುವಿನ ಗಾತ್ರದ ಮೇಲೆ ಬೇರೆ ಮಾಡುವುದು ಮತ್ತೊಂದು. ಬ್ಯಾಕ್ಟೀರಿಯಾದ ಚೂರುಗಳನ್ನು ತೆಗೆಯುವುದಕ್ಕಿಂತ ಕಷ್ಟವಾದ ಕೆಲಸವೆಂದರೆ, ಒಂದೇ ಒಂದು ಕಡೆ ಬದಲಾದ, ಉಳಿದಂತೆ ಇನ್ಸುಲಿನ್ನಿನ ತದ್ರೂಪದಂತಿರುವ ಅಣುಗಳನ್ನು ತೆಗೆಯುವುದು. ಹೀಗೆ ಐದು ಹಂತಗಳಿವೆ, ಪ್ರತಿ ಹಂತದಲ್ಲೂ ಶೇಕಡಾ 90 ವಸೂಲಿ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಸವಕಳಿಯಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇಕಡಾ 10 ಕಳೆಯುತ್ತ ಹೋಗುತ್ತೇವಲ್ಲ, ಇದೂ ಹಾಗೆಯೇ. ಐದು ಹಂತ ಮುಗಿಯುವಾಗ 100 ಗ್ರಾಮಿನಲ್ಲಿ ಉಳಿಯುವುದು 59 ಗ್ರಾಂ. ಪ್ರತಿ ಹಂತದಲ್ಲಿ 95 ವಸೂಲಾದರೆ ಸುಮಾರು 77 ಗ್ರಾಂ.

ಈ ವ್ಯತ್ಯಾಸ 18 ಗ್ರಾಂ. ಅಂಗಡಿಯಲ್ಲಿ ಸಕ್ಕರೆ ತೂಗುವಾಗ ಅಷ್ಟು ಚೆಲ್ಲಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇನ್ಸುಲಿನ್ನಿನ ಒಂದು ಯೂನಿಟ್ ಎಂದರೆ ಕೇವಲ 0.0347 ಮಿಲಿಗ್ರಾಂ. ದಾದಿಮಾರ ಬಾಟಲಿಯಲ್ಲಿ 10 ಮಿಲಿಲೀಟರ್ ಇದೆ, ಮಿಲಿಲೀಟರಿಗೆ 40 ಯೂನಿಟ್, ಒಟ್ಟು 400 ಯೂನಿಟ್. ಅಂದರೆ ಇಡೀ ಬಾಟಲಿಯಲ್ಲಿರುವ ಇನ್ಸುಲಿನ್ 14 ಮಿಲಿಗ್ರಾಮಿಗಿಂತ ತುಸು ಕಡಿಮೆ. ಒಂದು ಗ್ರಾಮಿನಲ್ಲಿ 72 ಬಾಟಲಿ ತುಂಬುತ್ತವೆ. ದಾದಿಮಾರಿಗೆ ಒಂದು ಬಾಟಲಿ 20 ದಿನ ಬರುತ್ತದೆ. 72 ಬಾಟಲಿ ಎಂದರೆ 1440 ದಿನ, ಹತ್ತಿರ ಹತ್ತಿರ ನಾಲ್ಕು ವರ್ಷ. ಕಾಲಮಿನ ತುದಿಯಲ್ಲಿ ತಪ್ಪು ಪಾತ್ರೆಗೆ ಬಿದ್ದ ಒಂದು ಗ್ರಾಂ ನಮ್ಮ ದಾದಿಮಾರ ನಾಲ್ಕು ವರ್ಷದ ಔಷಧಿ. 18 ಗ್ರಾಂ ಎಂದರೆ ಸುಮಾರು 1300 ಬಾಟಲಿ.

ಈ ಗುಣಾಕಾರ ಮಾಡಿದ ಮೇಲೆ ನನಗೆ ಶುದ್ಧತೆ ಮತ್ತು ವಸೂಲಿ ಎರಡೂ ಬರೀ ಶೇಕಡಾವಾರು ಅಂಕಿಗಳಾಗಿ ಕಾಣಲಿಲ್ಲ. ಶುದ್ಧತೆ ಕಡಿಮೆಯಾದರೆ ಅದರ ಬೆಲೆಯನ್ನು ಸೂಜಿ ಚುಚ್ಚಿಸಿಕೊಳ್ಳುವವರ ದೇಹ ತೆರುತ್ತದೆ. ವಸೂಲಿ ಕಡಿಮೆಯಾದರೆ ಔಷಧಿ ತಯಾರಿಸುವ ಖರ್ಚು ಏರುತ್ತದೆ, ಆ ಹೊರೆ ಕೊನೆಗೆ ತಿಂಗಳ ಕೊನೆಯಲ್ಲಿ ಮೆಡಿಕಲ್ ಅಂಗಡಿಯ ಮುಂದೆ ನಿಂತು ನೋಟು ಎಣಿಸುವವರ ಕಡೆಗೆ ಜಾರುತ್ತದೆ. ಇಬ್ಬರೂ ಒಬ್ಬರೇ ಆಗಿರುವುದೂ ಉಂಟು. ಒಬ್ಬರ ಪರವಾಗಿ ಮಾತ್ರ ಕತ್ತರಿಸಿದರೆ ಇನ್ನೊಬ್ಬರಿಗೆ ಅನ್ಯಾಯ. ಮೊದಲು ಇಷ್ಟು ಶುದ್ಧತೆಗಿಂತ ಕೆಳಗೆ ಇಳಿಯುವುದೇ ಇಲ್ಲ ಎಂದು ಗೆರೆ ಎಳೆದುಕೊಳ್ಳಬೇಕು, ಆ ಗೆರೆಯ ಮೇಲೆ ನಿಂತು ವಸೂಲಿಯನ್ನೂ ದುಡಿಮೆಯನ್ನೂ ಆದಷ್ಟು ಹೆಚ್ಚಿಸಬೇಕು. ಔಷಧಿಯ ಲೆಕ್ಕ ಈ ಕ್ರಮದಲ್ಲಿಯೇ ನಡೆಯಬೇಕು, ಅದನ್ನು ತಿರುಗಿಸಿ ಮಾಡುವಂತಿಲ್ಲ.

ವಿಜ್ಞಾನ ಓದುವವರು ಪದಾರ್ಥ ನೋಡಿಕೊಳ್ಳಲಿ, ವಾಣಿಜ್ಯ ಓದುವವರು ಹಣ ನೋಡಿಕೊಳ್ಳಲಿ ಎಂದು ನಾವು ಪಿಯುಸಿ ಸೇರುವಾಗಲೇ ಗೋಡೆ ಕಟ್ಟಿಕೊಳ್ಳುತ್ತೇವೆ. ಆದರೆ ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನಕ್ಕೆ ಎರಡೂ ಕಡೆಯವರು ಬೇಕು. ಹಣದ ಲೆಕ್ಕ ಗೊತ್ತಿದ್ದು ಗುಡ್ಡದ ಗೆರೆ ಓದಲು ಬಾರದವರು ಶುದ್ಧತೆಯನ್ನು ಬಲಿ ಕೊಡಬಹುದು. ಗೆರೆ ಓದಲು ಬಂದು ಲೆಕ್ಕ ಬಾರದವರು ಒಂದು ಗ್ರಾಮನ್ನು ಬರೀ ಒಂದು ಗ್ರಾಂ ಎಂದುಕೊಳ್ಳಬಹುದು. ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ಮುಂದಿನ ಸಲ ಶೋಧಕ ಕಾಗದದ ಮೇಲೆ ಶಾಯಿಯ ಬಣ್ಣಗಳನ್ನು ಬೇರ್ಪಡಿಸುವ ಪ್ರಯೋಗ ಮಾಡುವಾಗ ನಮ್ಮನ್ನೂ ಕರೆಯಿರಿ. ಬಣ್ಣ ನೀವು ಬೇರೆ ಮಾಡಿ, ಅಂತರ ಅಳೆದು ಬರೆದುಕೊಳ್ಳುವ ಪುಸ್ತಕ ನಾವು ತರುತ್ತೇವೆ.